ಮಾವನ ಮನೆತನದ ಹೆಸರು ಮತ್ತು ಕೈಬಿಟ್ಟ ಮೂರು ಪುಟ

ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ಗಂಡನ ಮನೆತನದ ಹೆಸರನ್ನು ನಾನು ಹಾಕಿಕೊಂಡಿಲ್ಲ. ಮಾವನಿಗೆ ಅದೊಂದು ಸಣ್ಣ ಅಸಮಾಧಾನ. ಅಪ್ಪಟ ಐರಿಶ್ ಹೆಸರು, ಇಟ್ಟುಕೊಳ್ಳಲು ಏನು ಕಷ್ಟ ಎಂದು ಕೇಳುತ್ತಿದ್ದರು. ನನ್ನ ಹೆಸರಿನ ಕೊನೆಯಲ್ಲಿರುವುದು ಅಪ್ಪನ ಹೆಸರು, ನಮ್ಮಲ್ಲಿ ಹಾಗೇ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಅದು ಅರೆಬರೆ ಏರ್ಪಾಡಿನಂತೆ ಕಾಣುತ್ತಿತ್ತು.

ಹೀಗಿರುವಾಗ, ಕೋವಿಡ್ ಬಂದ ವರ್ಷ ಅವರು ಒಂದು ಪೆಟ್ಟಿಗೆ ತುಂಬ ಹಳೆಯ ಕಾಗದ ತಂದು ಕೆರೊಲಿನಾದ ರಾಲಿಯಲ್ಲಿರುವ ನಮ್ಮ ಮನೆಯ ಬಾಗಿಲಲ್ಲಿಟ್ಟರು. ಹೆಸರಿನ ಚರಿತ್ರೆಯನ್ನು ನಾನೇ ಬರೆದುಕೊಡಬೇಕಂತೆ. ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ದಾಖಲೆ ಕೆದಕುವುದು ಗೊತ್ತಿರುತ್ತದೆ ಎಂಬುದು ಅವರ ನಂಬಿಕೆ. ತಮಗೆ ಎಂಬತ್ತೈದು ತುಂಬಿದಾಗ ಪುಸ್ತಿಕೆ ಮಾಡಿಸಿ ನೆಂಟರಿಗೆಲ್ಲ ಹಂಚುವ ಆಸೆ. ನಾನೂ ಖುಷಿಯಿಂದಲೇ ಒಪ್ಪಿದೆ.

ಮಾವ ಹೇಳುತ್ತಿದ್ದ ಕಥೆ ಒಂದೇ. ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದಾಗ ಪೂರ್ವಿಕನೊಬ್ಬ ಬರಿಗೈಯಲ್ಲಿ ನ್ಯೂಯಾರ್ಕಿಗೆ ಬಂದ; ಅಲ್ಲಿಯ ಗುಮಾಸ್ತನೊಬ್ಬ ಹೆಸರಿನ ಮುಂದಿದ್ದ ‘ಓ’ ಅಕ್ಷರವನ್ನು ಹಾರಿಸಿಬಿಟ್ಟ. ಪೆಟ್ಟಿಗೆಯ ಕಾಗದಗಳು ಹೇಳಿದ್ದೇ ಬೇರೆ. ಆ ಬರಗಾಲಕ್ಕೆ ಎರಡು ತಲೆಮಾರು ಮೊದಲೇ ಅವನು ಫಿಲಡೆಲ್ಫಿಯಾದಲ್ಲಿ ಇಳಿದು, ಗಾಡಿದಾರಿ ಹಿಡಿದು ದಕ್ಷಿಣಕ್ಕೆ ಬಂದು, ಕೆರೊಲಿನಾದಲ್ಲಿ ಜಮೀನು ಮಾಡಿದ್ದ. ‘ಓ’ ಅಂದರೆ ಇಂಥವನ ವಂಶದವನು ಎಂದರ್ಥ. ಹಡಗು ಹತ್ತುವ ಮೊದಲೇ ಅದು ಬಿಟ್ಟುಹೋಗಿತ್ತು. ಯಾವ ಗುಮಾಸ್ತನ ತಪ್ಪೂ ಅಲ್ಲ.

ಇದನ್ನು ಹೇಳಿದಾಗ ಮಾವ, ಇನ್ನೊಮ್ಮೆ ನೋಡು ಅಂದರು. ನೋಡಿದೆ. ಹಳೆಯ ದಾಖಲೆಗಳಿದ್ದ ಕೌಂಟಿ, ಅಂದರೆ ಜಿಲ್ಲಾ, ಕಚೇರಿ ಮುಚ್ಚಿತ್ತು. ಫೋನ್ ಮಾಡಿದರೆ ಮೆಸೇಜ್ ಬಿಡಿ ಎನ್ನುವ ಯಂತ್ರ. ತಿಂಗಳುಗಟ್ಟಲೆ ಕಾದು, ಬಾಗಿಲು ತೆರೆದ ಮೇಲೆ ಎರಡು ಗಂಟೆ ಡ್ರೈವ್ ಮಾಡಿ ಹೋದರೆ ಒಳಗಿರಲು ಸಿಕ್ಕಿದ್ದು ಒಂದೇ ಗಂಟೆ. ಆ ಪೂರ್ವಿಕನೊಬ್ಬನ ಹೆಸರನ್ನೇ ಐದು ಬಗೆಯಲ್ಲಿ ಬರೆದಿದ್ದರು. ಮಾಸ್ಕಿನೊಳಗೆ ಬೆವರುತ್ತಾ ಒಂದೊಂದನ್ನೂ ಹುಡುಕುತ್ತಿದ್ದಾಗ ಅವನ ಉಯಿಲು ಕೈಗೆ ಸಿಕ್ಕಿತು. ಮಗನಿಗೆ ಹೊಲ, ಎರಡು ಕುದುರೆ, ಒಬ್ಬ ಹೆಂಗಸು ಮತ್ತು ಅವಳ ಇಬ್ಬರು ಮಕ್ಕಳು. ಕುದುರೆಗಳ ಬಣ್ಣ ಬರೆದಿತ್ತು. ಹೆಂಗಸಿನ ಹೆಸರಿರಲಿಲ್ಲ.

ಆ ಹೆಸರನ್ನು ಹೇಳಿದವರು ಅಟ್ಲಾಂಟಾ ಕಡೆಯ ಒಬ್ಬ ನಿವೃತ್ತ ಶಿಕ್ಷಕಿ. ವಂಶವೃಕ್ಷದ ವೆಬ್‌ಸೈಟೊಂದರಲ್ಲಿ ನಾನು ಹಾಕಿದ್ದ ಪ್ರಶ್ನೆಗೆ ಅವರೇ ಬರೆದರು. ಅವರದೂ ಅದೇ ಮನೆತನದ ಹೆಸರು, ಅದೂ ಆ ಐದರಲ್ಲಿ ತೀರಾ ವಿಚಿತ್ರವಾದ ಕಾಗುಣಿತದಲ್ಲಿ. ಅವರು ಕಪ್ಪು ಜನಾಂಗದವರು. ಮುಂದಿನ ವರ್ಷ ಅಟ್ಲಾಂಟಾ ಪಕ್ಕದ ನಾರ್‌ಕ್ರಾಸ್‌ನಲ್ಲಿ ಗೆಳತಿಯ ಮನೆಗೆ ಹೋದಾಗ ಅವರನ್ನೂ ಕಂಡೆ. ತಮ್ಮ ಮನೆಯ ವರಾಂಡದಲ್ಲಿ ದೂರದೂರ ಎರಡು ಕುರ್ಚಿ ಹಾಕಿದ್ದರು. ಉಯಿಲಿನ ಹೆಂಗಸು ಅವರ ಅಜ್ಜನ ಅಜ್ಜನ ತಾಯಿ. ಗುಲಾಮಗಿರಿಯಿಂದ ಬಿಡುಗಡೆಯಾದ ಮೇಲೆ ಅವಳ ಮಗ ಯಜಮಾನನ ಮನೆತನದ ಹೆಸರನ್ನೇ ಇಟ್ಟುಕೊಂಡು ಜಾರ್ಜಿಯಾಕ್ಕೆ ನಡೆದು ಬಂದಿದ್ದ.

“ಆ ಹೆಸರೇ ಯಾಕೆ ಅಂತ ಎಲ್ಲರೂ ಕೇಳ್ತಾರೆ,” ಎಂದರು ಅವರು. “ಮಾರಿಹೋದ ತಂಗಿ ಹುಡುಕಿಕೊಂಡು ಬಂದರೆ ಆ ಹೆಸರಲ್ಲೇ ತಾನೆ ಕೇಳಬೇಕು?”

ತಂಗಿ ಸಿಕ್ಕಳೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ಪುಸ್ತಿಕೆಗೆಂದು ಇದನ್ನೆಲ್ಲ ಮೂರು ಪುಟ ಬರೆದೆ. ಮಾವ ಓದಿ, ಕನ್ನಡಕ ತೆಗೆದಿಟ್ಟರು. ಆಮೇಲೆ, “ನಾನು ಕೇಳಿದ್ದು ನಮ್ಮ ಹೆಸರಿನ ಚರಿತ್ರೆ,” ಅಂದರು.

“ಇದೂ ಅದೇ ಹೆಸರು,” ಅಂದೆ.

ಅವರು ಎದ್ದು ಒಳಗೆ ಹೋದರು. ಪಕ್ಕದಲ್ಲಿದ್ದ ಗಂಡ, ಅಪ್ಪನಿಗೆ ತಿಳಿಯದಿರಲೆಂದು, ನನ್ನಿಂದ ಕಲಿತ ಕನ್ನಡದಲ್ಲಿ, “ಬಿಡು. ಅವರಿಗೆ ಏಜ್ ಆಯ್ತು. ಫೈಟ್ ಮಾಡಬೇಡ,” ಎಂದ. ನನಗೆ ಮಾವನಿಗಿಂತ ಅವನ ಮೇಲೆ ಹೆಚ್ಚು ಸಿಟ್ಟು ಬಂತು. ನಾವಿಬ್ಬರೇ ಇರುವಾಗ ಆಡಲೆಂದು ಕಲಿಸಿದ ಭಾಷೆ ಕೊನೆಗೆ ನನ್ನ ಬಾಯಿ ಮುಚ್ಚಿಸಲು ಒದಗಿತ್ತು.

ಪುಸ್ತಿಕೆ ಬಂತು. ಮುಖಪುಟದ ಮೇಲೆ ಹಸಿರು ಗುರಾಣಿ, ಐರ್ಲೆಂಡಿನ ಲಾಂಛನವಾದ ತಂತಿವಾದ್ಯ. ಒಳಗೆ ಬರಗಾಲ, ನ್ಯೂಯಾರ್ಕ್, ಅದೇ ಗುಮಾಸ್ತ. ನನ್ನ ಮೂರು ಪುಟಗಳಿಲ್ಲ. ಕೊನೆಯಲ್ಲಿ ಮಾತ್ರ, ಸಂಶೋಧನೆ ಮಾಡಿದ ಪ್ರೀತಿಯ ಸೊಸೆಗೆ ವಂದನೆ ಎಂದಿತ್ತು. ಒಂದೂವರೆ ವರ್ಷದ ಓಡಾಟಕ್ಕೆ ಒಂದು ಸುಳ್ಳಿನ ಕೆಳಗೆ ನನ್ನ ಸಹಿ ಬಿದ್ದಂತಾಯಿತು.

ನಾಚಿಕೆಪಡುತ್ತಲೇ ಶಿಕ್ಷಕಿಗೆ ಫೋನ್ ಮಾಡಿ ತಿಳಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಬರೆದ ಪುಟಗಳು ನಿನ್ನ ಹತ್ತಿರವೇ ಇವೆಯಲ್ಲ ಎಂದಷ್ಟೇ ಕೇಳಿದರು. ಅವರ ಒಪ್ಪಿಗೆ ಪಡೆದು, ಆ ವಾರವೇ ಮೂರೂ ಪುಟಗಳನ್ನು ಉಯಿಲಿನ ಪ್ರತಿಯೊಂದಿಗೆ, ಪುಸ್ತಿಕೆ ತಲುಪಿದ್ದ ಎಲ್ಲರಿಗೂ ಇಮೇಲ್ ಮಾಡಿದೆ. ಗಂಡನಿಗೆ ಹೇಳಿದ್ದು ಕಳಿಸಿದ ಮೇಲೆಯೇ.

ಬಹುತೇಕರು ಉತ್ತರಿಸಲಿಲ್ಲ. ಕಸಿನ್ ಒಬ್ಬ, ಹೊರಗಿನವಳಿಗೆ ಇದೆಲ್ಲ ಯಾಕೆ ಎಂದು ಬರೆದ. ಸೌತ್ ಕೆರೊಲಿನಾದಲ್ಲಿರುವ ಮಾವನ ತಂಗಿ ಮಾತ್ರ ಶಿಕ್ಷಕಿಯ ಫೋನ್ ನಂಬರ್ ಕೇಳಿದರು. ಈಗ ಇಬ್ಬರೂ ಭಾನುವಾರಗಳಂದು ಮಾತಾಡುತ್ತಾರಂತೆ. ಮಾವ ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಮ್ಮನ್ನು ಕರೆಯಲಿಲ್ಲ. ಮರುವರ್ಷ ಕರೆದರು, ಪಲ್ಯದ ಬಟ್ಟಲನ್ನು ನನ್ನ ಕಡೆ ಸರಿಸಿದರು, ಹವೆಯ ಬಗ್ಗೆ ಮಾತಾಡಿದರು. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಎತ್ತಬೇಕಿತ್ತು ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.