ತಲೆಯ ಮೇಲಿನ ಹೆಂಟೆ

ಭಾಗಮ್ಮ, ನಾನು ಸುಳ್ಳು ನಡೆದೆ. ಸುಳ್ಳು ಹೇಳಿದೆ ಎಂದು ಬರೆಯುತ್ತಿಲ್ಲ — ಆ ದಿನ ನಾನು ಬಾಯಿ ಬಿಟ್ಟಿರಲೇ ಇಲ್ಲ. ತಲೆಯ ಮೇಲೆ ಮಣ್ಣಿನ ಹೆಂಟೆ ಹೊತ್ತು, ಬರಿಗಾಲಲ್ಲಿ, ಎರಡೂ ದಂಡೆಯ ಜನರ ಎದುರಿಗೆ ನಡೆದೆ. ಸುಳ್ಳಾಡಿದ್ದು ನನ್ನ ಕಾಲು. ನಿನ್ನ ಹೊಲವನ್ನು ಹೊಳೆ ನುಂಗಲಿಲ್ಲ, ಸರಕಾರ ಕಸಿಯಲಿಲ್ಲ. ಕಸಿದವನು ನಿನ್ನ ಒಡಹುಟ್ಟಿದ ಅಣ್ಣ.

ಐಗಳ ಶಾಲೆಯಲ್ಲಿ ಮಳಲ ಮೇಲೆ ತಿದ್ದಿದ ಅಕ್ಷರ, ಅಷ್ಟೇ ನನ್ನ ಓದು. ಸಾಲು ಡೊಂಕಾಗಿದ್ದರೆ ಇರಲಿ. ಸಿಟ್ಟು ನೆಟ್ಟಗಿದೆ.

ಆಗ ಭೀಮಾ ಹೊಳೆಯೇ ಗಡಿ. ಈಚೆ ದಂಡೆಯ ನಮ್ಮ ಅಫಜಲಪುರ ಸೀಮೆ ನಿಜಾಮನದು, ಜನರ ಬಾಯಲ್ಲಿ ಮೊಗಲಾಯಿ. ನಿನ್ನನ್ನು ಕೊಟ್ಟಿದ್ದ ಆಚೆ ದಂಡೆ ಇಂಗ್ರಜರದು. ಒಂದೇ ಹೊಳೆಯ ನೀರು ಕುಡಿದು, ಒಂದೇ ಜೋಳದ ರೊಟ್ಟಿ ತಿಂದು, ಅಣ್ಣ ಒಂದು ರಾಜ್ಯ, ತಂಗಿ ಒಂದು ರಾಜ್ಯ. ನೀನು ತವರಿಗೆ ತರುತ್ತಿದ್ದ ಬೆಲ್ಲದ ಗಂಟನ್ನೂ ನಾಕಾದವರು ಬಿಚ್ಚಿ ಸುಂಕ ಕೇಳುತ್ತಿದ್ದರು. ಕೇಳುವವರಿಲ್ಲದ ಆಳಿಕೆಗೆಲ್ಲ ನಿಮ್ಮ ಕಡೆಯವರು ಮೊಗಲಾಯಿ ಎನ್ನುತ್ತಿದ್ದರು. ಆ ಮಾತು ನನಗೆ ಚುಚ್ಚುತ್ತಿತ್ತು.

ನಿನ್ನ ಗಂಡ ತೀರಿಹೋಗಿ ಒಂದು ವರ್ಷದ ಮೇಲೆ, ನಿನ್ನ ಮಗಳನ್ನು ನನ್ನ ಮಗನಿಗೆ ಕೇಳಲು ಬಂದೆ. ಸೋದರಮಾವನ ಹಕ್ಕೆಂದು ಎದೆ ಸೆಟೆಸಿಕೊಂಡೇ ಬಂದಿದ್ದೆ. ನೀನು ನೀರು ಕೊಟ್ಟೆ, ರೊಟ್ಟಿ ಬಡಿಸಿದೆ. ಆಮೇಲೆ ನಗುತ್ತಲೇ ಅಂದೆ:

“ಯಣ್ಣಾ, ಹುಡುಗೀನ ಮೊಗಲಾಯಿಗಿ ಕೊಡಂಗಿಲ್ಲ. ಅಲ್ಲಿ ಮದುವ್ಯಾಗ ಅಕ್ಕಿಕಾಳು ಹಾಕಿದ್ರ ಅದಕ್ಕೂ ನಾಕಾದವ್ರು ಸುಂಕ ಕೇಳ್ತಾರ.”

ನಿನ್ನ ನೆಗೆಣ್ಣಿ ಬಾಗಿಲ ಮರೆಯಿಂದಲೇ ಸೇರಿಸಿದಳು: “ಬೀಗರ, ಮದಲ ನಿಮ್ಮ ಊರು ಎತ್ಕೊಂಡು ಈ ದಂಡಿಗಿ ಬರ್ರಿ, ಆಮ್ಯಾಲ ಹೆಣ್ಣು ಕೇಳ್ರಿ!”

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಹೊಳೆ ದಾಟುವವರೆಗೂ ಆ ನಗು ಮುಖದ ಮೇಲೆ ಹಾಗೇ ಇತ್ತು — ಒಳಗೆ ಏನು ಬೇಯುತ್ತಿತ್ತೆಂದು ನಿನಗೆ ಗೊತ್ತಾಗಲಿಲ್ಲ.

ಆ ಮಳೆಗಾಲದ ಮಹಾಪೂರಕ್ಕೆ ಹೊಳೆ ಹಾದಿ ಬದಲಿಸಿತು. ನಿನ್ನ ಹೊಲದ ಉತ್ತರಕ್ಕೆ ಹರಿಯುತ್ತಿದ್ದ ನೀರು ದಕ್ಷಿಣಕ್ಕೆ ಸರಿಯಿತು. ಪೂರ ಇಳಿದಾಗ ಹೊಲ ನಮ್ಮ ದಂಡೆಗೆ ಅಂಟಿಕೊಂಡಿತ್ತು. ನಮ್ಮೂರನ್ನು ಆಳುತ್ತಿದ್ದ ಮಾಲಿಪಾಟೀಲ ಅದು ತನ್ನ ಊರಿನ ನೆಲವೆಂದ. ನೀನು ಅಲ್ಲವೆಂದೆ. ಬೇಸಿಗೆಯಲ್ಲಿ ಎರಡೂ ಸರಕಾರದ ಅಳತೆಯವರು ಬಂದು, ಹಳೆಯ ಹರಿವೇ ಗಡಿ ಎಂದು ಒಪ್ಪಿದರು. ಆದರೆ ಬತ್ತಿದ ತಗ್ಗುಗಳು ಎರಡು. ಮುರಿದ ಜಾಲಿಮರದ ಬಳಿ ಕವಲೊಡೆದು, ಒಂದು ನಿನ್ನ ಹೊಲದ ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಪೂರ ಎರಡನ್ನೂ ಒಂದೇ ಸಮ ಕೊರೆದು ಹಳೆಯ ಗುರುತು ಅಳಿಸಿತ್ತು. ಯಾವುದು ಹೊಳೆ, ಯಾವುದು ಬರೀ ಮಳೆನೀರಿನ ಕೊರಕಲು?

ಇಂಥ ಜಗಳಕ್ಕೆ ಹಿರಿಯರ ಪದ್ಧತಿಯೊಂದಿತ್ತು. ಗಡಿ ಬಲ್ಲವನೊಬ್ಬ ಆ ಹೊಲದ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಗಡಿ. ಸುಳ್ಳು ನಡೆದರೆ ಎಳ್ಳಮಾವಾಸ್ಯೆಯೊಳಗೆ ಭೂಮಿತಾಯಿ ಅವನ ಮನೆಯಿಂದ ಒಂದು ಜೀವ ಕೇಳುತ್ತಾಳೆ. ಯಾರು ನಡೆಯಬೇಕು? ನಿಮ್ಮವರು ನಮ್ಮವರನ್ನು ಒಪ್ಪಲಿಲ್ಲ, ನಮ್ಮವರು ನಿಮ್ಮವರನ್ನು. ಆಗ ನೀನು ಸೆರಗು ಬಿಗಿದು ಮುಂದೆ ಬಂದೆ.

“ನಮ್ಮಣ್ಣ ನಡೀಲಿ. ಅವ ನಡದದ್ದು ನನಗ ಕಬೂಲ್.”

“ಕೇಳಿದ್ರಲ್ರೀ! ತಂಗಿನೇ ಅಂದಾಳ!” ಮಾಲಿಪಾಟೀಲ ಎಲ್ಲರಿಗೂ ಕೇಳುವಂತೆ ಕೂಗಿದ.

ಹೆಂಟೆ ಇಡುವಾಗ ಯಾರೋ, “ಇನ್ನೊಂದು ಇಡ್ರೋ, ಇವನ ತಲಿ ದೊಡ್ಡದದ” ಎಂದರು. ಜನ ನಕ್ಕರು. ಜಾಲಿಮರದ ತನಕ ಸರಿಯಾಗಿಯೇ ನಡೆದೆ. ಅಲ್ಲಿ ಎಡಕ್ಕೆ, ಉತ್ತರದ ತಗ್ಗಿಗೆ, ಹೊರಳಬೇಕು. ಎಡದ ಆ ತಗ್ಗಿನಲ್ಲೇ, ಅದು ತುಂಬಿ ಹರಿಯುವಾಗ, ನೀನೂ ನಾನೂ ಈಜು ಕಲಿತದ್ದು; ನೀನು ಮುಳುಗಿದಾಗ ನಿನ್ನ ಜಡೆ ಹಿಡಿದು ಎಳೆದದ್ದು. ನನಗೆ ಅನುಮಾನ ಎಳ್ಳಷ್ಟೂ ಇರಲಿಲ್ಲ.

ಬಲಕ್ಕೆ ಹೊರಳಿದೆ.

‘ಮಗಳನ್ನ ಮೊಗಲಾಯಿಗಿ ಕೊಡಂಗಿಲ್ಲ ಅಂದಿದ್ದ್ಯಲ್ಲ, ಈಗ ಹೊಲಾನೇ ಮೊಗಲಾಯಿಗಿ ಬಂತು’ — ಹೆಜ್ಜೆ ಹೆಜ್ಜೆಗೂ ಮನಸ್ಸಿನಲ್ಲಿ ಇದೇ. ಹಿಂದೆ ನಮ್ಮೂರಿನವರು ಬರುತ್ತಿದ್ದರು. ಹಳೆಯ ಹೊಳೆ ಎಲ್ಲಿತ್ತೆಂದು ಅವರಿಗೆಲ್ಲ ಗೊತ್ತು. ಒಬ್ಬನೂ ಕೆಮ್ಮಲಿಲ್ಲ. ಅವರ ಮೇಲೆ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ! ಆದರೆ ಅವರು ಹಿಂದೆ ಬಂದವರು. ನಡೆದವನು ನಾನು. ಮಾಲಿಪಾಟೀಲ ನನ್ನ ತಲೆಯ ಮಣ್ಣನ್ನೂ ಕೊಡವದೆ ಅದರ ಮೇಲೆಯೇ ರುಮಾಲು ಸುತ್ತಿಸಿದ. ನೀನು, “ಯಣ್ಣಾ, ಅದು...” ಎಂದು ಸುಮ್ಮನಾದೆ. ಕಬೂಲ್ ಎಂದು ನಾಲಿಗೆ ಕೊಟ್ಟವಳು ನೀನು.

ಇಷ್ಟೇ ಆಗಿದ್ದರೆ —

ನನಗೆ ಏನೂ ಆಗಲಿಲ್ಲ ಭಾಗಮ್ಮ. ಮಗನಿಗೆ ಒಂದು ಜ್ವರ ಬರಲಿಲ್ಲ, ಎತ್ತಿನ ಕಾಲು ಉಳುಕಲಿಲ್ಲ. ಭೂಮಿತಾಯಿ ಸುಮ್ಮನಿದ್ದಳು. ಅವಳ ಮೇಲೂ ನನಗೆ ಸಿಟ್ಟಿದೆ. ನಾನು ನೆಟ್ಟಗಿರುವುದನ್ನು ನೋಡಿ ನಿಮ್ಮೂರಿನವರು ನಿನ್ನನ್ನೇ ‘ಮಣ್ಣಿಗೆ ಸುಳ್ಳು ಹೇಳಿದಾಕಿ’ ಎಂದರು. ಎಳ್ಳಮಾವಾಸ್ಯೆಯ ದಿನ ನಾವು ಹೊಲದಲ್ಲಿ ಭೂಮಿತಾಯಿಯ ಎಡೆಯನ್ನು ಚರಗ ಚೆಲ್ಲುತ್ತಿದ್ದಾಗ ನೀನು ಹೊಳೆ ದಾಟಿ ಬಂದೆ. ಸಜ್ಜೆರೊಟ್ಟಿ, ಭಜ್ಜಿಯ ಬುತ್ತಿ ತಂದಿದ್ದೆ. ಸೀರೆಯ ಅಂಚು ತೊಯ್ದಿತ್ತು.

“ಯಣ್ಣಾ, ಭೂಮಿತಾಯಿ ನಿನ್ನ ಮನಿ ಕಾದಾಳ. ಅಂದ್ರ ನನ್ನ ನೆನಪೇ ಸುಳ್ಳು. ಒಡಹುಟ್ಟಿದವನ ಮ್ಯಾಲ ಅನುಮಾನ ಪಟ್ಟೆ — ಹೊಟ್ಟ್ಯಾಗ ಹಾಕ್ಕೋ.”

ನೀನು ನನ್ನ ಕಾಲು ಮುಟ್ಟಿದೆ. ಸುಳ್ಳು ನಡೆದ ಅದೇ ಕಾಲು. ನಾನು ಹಿಂದೆ ಸರಿಯಲಿಲ್ಲ. ನಿನ್ನ ತಲೆಯ ಮೇಲೆ ಕೈಯಿಟ್ಟು ಅಂದೆ:

“ಇರ್ಲಿ ಬಿಡವ್ವ. ಮರೆವು ಯಾರಿಗಿಲ್ಲ?”

ಹೊಲ ಕಸಿದದ್ದು ಸಿಟ್ಟಿನಲ್ಲಿ. ಇದನ್ನು ತಣ್ಣಗೆ ಮಾಡಿದೆ. ಆಮೇಲೆ ನಿನ್ನ ಬುತ್ತಿಯನ್ನು ಉಂಡೆ.

ಮುಂದಿನ ಸುಗ್ಗಿಗೆ ಮೊದಲೇ ನೀನು ಮಗಳನ್ನು ಕರೆದುಕೊಂಡು ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದೆ. ಈಗ ನಿಜಾಮನೂ ಇಲ್ಲ, ಇಂಗ್ರಜರೂ ಇಲ್ಲ. ನಾಕಾದ ಗೋಡೆ ಬಿದ್ದು ಅಲ್ಲಿ ಕುರಿ ಮಲಗುತ್ತವೆ. ಎರಡೂ ದಂಡೆ ಒಂದೇ ರಾಜ್ಯ. ನಾನು ನಡೆದ ಗಡಿಯೇ ಇವತ್ತು ಇಲ್ಲ; ನಿನ್ನ ಹೊಲವನ್ನು ಮಾತ್ರ ಮಾಲಿಪಾಟೀಲನ ಮಕ್ಕಳು ಉಳುತ್ತಿದ್ದಾರೆ. ಸೊಲ್ಲಾಪುರದಿಂದ ಬಂದವರೊಬ್ಬರು ಹೇಳಿದರು: ಮೊಮ್ಮಕ್ಕಳು ಏನಾದರೂ ಹಳೆಯದನ್ನು ಕೇಳಿದರೆ ನೀನು, “ನನ್ನ ನೆನಪು ನಂಬಬ್ಯಾಡ್ರಿ” ಎನ್ನುತ್ತೀಯಂತೆ. ಅದನ್ನು ಕೇಳಿದಂದಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ಇಳಿಯಬಾರದು.

ಈ ಎಳ್ಳಮಾವಾಸ್ಯೆಗೆ ಎರಡೂ ದಂಡೆಯ ಜನ ಹೊಲದಲ್ಲಿರುತ್ತಾರೆ. ಅವರೆಲ್ಲರ ಎದುರಿಗೆ ನಿನ್ನ ಹೊಲದ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು ಮತ್ತೆ ನಡೆಯುತ್ತೇನೆ. ಹೊಲ ನಿನಗೆ ತಿರುಗಿ ಬರುವುದಿಲ್ಲ, ಅದು ನನಗೆ ಗೊತ್ತು. ಕ್ಷಮಿಸು ಎಂದೂ ಕೇಳುವುದಿಲ್ಲ. ಆ ಮಾತನ್ನು ನಿನ್ನ ಬಾಯಿಂದ ಆಡಿಸಿದವನು ನಾನು.

ನಿನ್ನ ಮೊಮ್ಮಗ ಇದನ್ನು ಗಟ್ಟಿಯಾಗಿ ಓದಲಿ, ಮನೆಯವರೆಲ್ಲ ಕೇಳಲಿ. ನಿನ್ನ ನೆನಪು ಸರಿಯಿತ್ತು, ಭಾಗಮ್ಮ. ಹೊಳೆ ಎಡಕ್ಕೇ ಹರಿಯುತ್ತಿತ್ತು.