ವೀಳ್ಯ ಹಿಡಿದ ಬ್ಯಾಂಡ್

ನಮ್ಮದು ರಾಕ್ ಬ್ಯಾಂಡ್. ಕಪ್ಪು ಟೀಶರ್ಟು, ಉದ್ದ ಕೂದಲು, ಕಿವಿ ಹರಿಯುವ ಗಿಟಾರು ಎಲ್ಲ ಇತ್ತು. ಆದರೂ ಕಾರ್ಯಕ್ರಮ ಒಪ್ಪಿಕೊಳ್ಳುವಾಗ ನಾವು ವೀಳ್ಯ ಹಿಡಿಯುತ್ತಿದ್ದೆವು. ಗಣಪತಿ ಕಮಿಟಿಯವರು ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಬಂದರೆ ಓಲಗದವರ ಹಾಗೆ ಎರಡೂ ಕೈ ಚಾಚುವುದು ನನ್ನ ಕೆಲಸ. ಒಮ್ಮೆ ಹಿಡಿದ ವೀಳ್ಯವನ್ನು ಹಿಂತಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಸತ್ತರೆ ಮಾತ್ರ ವಿನಾಯಿತಿ.

ಈ ಕೆಲಸ ನನ್ನ ಪಾಲಿಗೆ ಬಿದ್ದದ್ದು ನಾನು ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವರ ಮಗನಾದ್ದರಿಂದ. ನಾಲ್ವರ ಬ್ಯಾಂಡಿನಲ್ಲಿ ನಾನು ನುಡಿಸುತ್ತಿದ್ದದ್ದು ಬೇಸ್ ಗಿಟಾರು, ಅದೂ ಸುಮಾರಾಗಿ. ಆದರೆ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಪಾಠ ರಕ್ತದಲ್ಲೇ ಇತ್ತು.

ಬ್ಯಾಂಡಿಗೆ ಬೆಲೆ ಬಂದದ್ದು ಮಾತ್ರ ನಮ್ಮ ಹಾಡುಗಾರನಿಂದ. ಭದ್ರಾವತಿಯ ಓಲ್ಡ್ ಟೌನಿನವನು. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಪ್ಪ ತೀರಿಕೊಂಡಿದ್ದರು. ಅಮ್ಮ ರವಿಕೆ ಹೊಲಿಯುತ್ತಿದ್ದರು. ನಮ್ಮ ಮೊದಲ ಹಾಡನ್ನು ರೆಕಾರ್ಡ್ ಮಾಡಿದ್ದು ಅವರ ಮನೆಯ ಮುಂದಿನ ಕೋಣೆಯಲ್ಲೇ, ಅವರ ಹೊಲಿಗೆ ಯಂತ್ರ ನಿಲ್ಲಿಸಿ. ಹಾಡು ಅರ್ಧಕ್ಕೆ ಬಂದಿರುತ್ತಿತ್ತು, ಇವನು "ಅಮ್ಮಾ, ಟೀ!" ಎಂದು ಕೂಗಿಬಿಡುತ್ತಿದ್ದ. ನಾನು ಬೈಯುತ್ತಿದ್ದೆ. ಆಮೇಲೆ ಮನೆಗೆ ಬಂದು, ಲ್ಯಾಪ್‌ಟಾಪಿನಲ್ಲಿ ಆ ಕೂಗುಗಳನ್ನೆಲ್ಲ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಆರಿಸಿ ಅಳಿಸುತ್ತಿದ್ದೆ.

ಹಾಡಿನ ಕೊನೆಗೆ ಅವನೊಂದು ಕೂಗು ಹಾಕುತ್ತಿದ್ದ. ಅಪ್ಪನನ್ನು ಶಿಫ್ಟಿಗೆ ಕರೆಯುತ್ತಿದ್ದ ಸೈರನ್ನಿನ ಕೂಗು ಅದು. ಕೆಳಗಿನಿಂದ ಏರಿ, ಮೇಲೆ ನಿಂತು, ಉಸಿರು ಮುಗಿಯುವವರೆಗೂ ಇಳಿಯುತ್ತಿರಲಿಲ್ಲ. ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಆರೇ ತಿಂಗಳಲ್ಲಿ ಆಟೋಗಳಲ್ಲಿ, ಜಿಮ್ಮುಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ನಮ್ಮದೇ ಹಾಡು. ಹೋದಲ್ಲೆಲ್ಲ ಜನ ಆ ಕೂಗನ್ನು ಎರಡೆರಡು ಸಲ ಕೇಳತೊಡಗಿದರು. ಅವನು ಹಾಕುತ್ತಲೂ ಇದ್ದ.

ಶ್ರಾವಣದಲ್ಲಿ ದನಿ ಒಡೆಯಿತು. ಗಂಟಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದವನು ನಾನೇ. ಧ್ವನಿಪೆಟ್ಟಿಗೆಯಲ್ಲಿ ಗಂಟು ಎದ್ದಿದೆ, ಎರಡು ತಿಂಗಳು ಹಾಡುವಂತಿಲ್ಲ, ಪಿಸುಮಾತೂ ಬೇಡ ಎಂದರು. ಅವನನ್ನು ಹೊರಗೆ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋಗಿ, ಹಾಡಿದರೆ ಏನಾಗುತ್ತದೆ ಎಂದು ಕೇಳಿದೆ.

"ಹಾಡಿದ್ರೆ ಇರೋದೂ ಹೋಗುತ್ತೆ."

ಚೀಟಿ ನನ್ನ ಜೇಬಿನಲ್ಲಿತ್ತು. ಮನೆಯಲ್ಲಿ ಹದಿನೇಳು ಊರುಗಳ ವೀಳ್ಯದೆಲೆ ಬಾಡುತ್ತ ಬಿದ್ದಿತ್ತು.

"ಈ ಒಂದು ಗಣಪತಿ ಸೀಸನ್ ಅಷ್ಟೇ ಮಾರಾಯ," ಅಂದೆ ಅವನಿಗೆ. "ಗಾಳಿ ಬಂದಾಗ ತೂರ್ಕೋಬೇಕು. ಆಮೇಲೆ ವರ್ಷಪೂರ್ತಿ ಸುಮ್ನಿರು."

ಅವನು ನಂಬಿದ. ಡ್ರಮ್ಮಿನವನಿಗೂ ಕೀಬೋರ್ಡಿನವನಿಗೂ ನಾನು ಚೀಟಿ ತೋರಿಸಲಿಲ್ಲ. ಕಾಳುಮೆಣಸು, ಜ್ಯೇಷ್ಠಮಧು, ಬಿಸಿನೀರು ಎನ್ನುತ್ತ ಹನ್ನೊಂದು ಊರು ದಾಟಿಸಿದೆ. ಹನ್ನೆರಡನೆಯದರಲ್ಲಿ ಕೂಗು ಮೇಲೇರಿ, ಅಲ್ಲೇ ತುಂಡಾಯಿತು. ಬಾಯಿಗೆ ಟವೆಲ್ ಒತ್ತಿಕೊಂಡು ಅವನು ವೇದಿಕೆಯಿಂದ ಇಳಿದ. ಟವೆಲಿನಲ್ಲಿ ರಕ್ತವಿತ್ತು. ಅಂದಿನಿಂದ ಅವನ ಗಂಟಲಿನಿಂದ ಬರುವುದು ಗಾಳಿ ಮಾತ್ರ.

ಇನ್ನೂ ಐದು ಊರು ಬಾಕಿ ಇದ್ದವು. ಯಾರೂ ಸತ್ತಿರಲಿಲ್ಲವಲ್ಲ, ವಿನಾಯಿತಿ ಎಲ್ಲಿಯದು? ಹಳೆಯ ರೆಕಾರ್ಡಿಂಗಿನಿಂದ ಅವನ ದನಿಯನ್ನಷ್ಟೇ ಬೇರ್ಪಡಿಸಿ ಟ್ರ್ಯಾಕ್ ಮಾಡಿದೆ. ಅದನ್ನು ಹಾಕುತ್ತೇವೆ, ನೀನು ಬಾಯಾಡಿಸಿದರೆ ಸಾಕು ಎಂದೆ. ಅವನು ಮೊಬೈಲಿನಲ್ಲಿ ಬರೆದು ತೋರಿಸಿದ: "ಇದು ಮೋಸ ಅಲ್ವೇನೋ?"

"ದನಿ ನಿಂದೇ ತಾನೆ?" ಅಂದೆ. ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ತಮಾಷೆಯೆಂದರೆ, ನಾವು ನಿಜವಾಗಿ ಮೇಲೆ ಹೋದದ್ದು ಆಮೇಲೆಯೇ. ಟ್ರ್ಯಾಕಿಗೆ ನೆಗಡಿಯಿಲ್ಲ, ದಣಿವಿಲ್ಲ. ಕೂಗು ಎಷ್ಟು ಸಲ ಬೇಕಾದರೂ ಬರುತ್ತಿತ್ತು. ಜಾಹೀರಾತಿನವರು ಬಂದರು, ದೊಡ್ಡ ಕಂಪನಿಯವರು ಬಂದರು. ಮುಂದಿನ ಬೇಸಿಗೆಯಲ್ಲಿ ಶಿವಮೊಗ್ಗದ ಮೈದಾನವೊಂದರಲ್ಲಿ ನಮ್ಮ ಅತಿ ದೊಡ್ಡ ಕಾರ್ಯಕ್ರಮ. ಸಂಜೆಗೇ ವಿದ್ಯಾನಗರದವರೆಗೂ ಗಾಡಿಗಳು ನಿಂತಿದ್ದವು. ಜನರೆಲ್ಲ ಮೊಬೈಲ್ ದೀಪ ಎತ್ತಿ ಅವನ ಜೊತೆ ಕೂಗಿದರು. ಅವನು ಬಾಯಿ ತೆರೆದು ನಿಂತಿದ್ದ, ಕತ್ತಿನ ನರ ಉಬ್ಬಿತ್ತು. ನಟನೆಯಲ್ಲೂ ಅವನು ಮೈಗಳ್ಳತನ ಮಾಡುತ್ತಿರಲಿಲ್ಲ.

ಅವನ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಮೈದಾನದಲ್ಲಿ ಕುಳಿತ ಅಷ್ಟು ಜನರಲ್ಲಿ ನಿಜ ಗೊತ್ತಿದ್ದದ್ದು ಅವರೊಬ್ಬರಿಗೇ. ಮುಗಿದ ಮೇಲೆ ವೇದಿಕೆಯ ಹಿಂದೆ ನನ್ನನ್ನು ಹುಡುಕಿಕೊಂಡು ಬಂದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕುತ್ತಿದ್ದೆ.

"ಚೆನ್ನಾಗಿತ್ತಪ್ಪ," ಅಂದರು. "ಒಂದು ಕೇಳ್ತೀನಿ. ಹಾಡು ನಂಗೆ ಬೇಡ. ಮನೇಲಿ ರೆಕಾರ್ಡ್ ಮಾಡ್ವಾಗ ಟೀ ಕೇಳಕ್ಕೆ ಅಮ್ಮಾ ಅಂತ ಕೂಗ್ತಿದ್ನಲ್ಲ, ಅದು ನಿನ್ ಹತ್ರ ಇರುತ್ತಲ್ಲ? ಅದೊಂದು ನಂಗೆ ಹಾಕ್ಕೊಡು."

"ಹುಡುಕ್ತೀನಮ್ಮ," ಅಂದೆ.

ಅವರ ಬೆನ್ನ ಹಿಂದೆಯೇ ಇನ್ನೊಂದು ಊರಿನ ಕಮಿಟಿಯವರು ತಟ್ಟೆ ಹಿಡಿದು ನಿಂತಿದ್ದರು. ನನ್ನ ಕೈಗಳು ತಾವಾಗಿಯೇ ಮುಂದೆ ಹೋದವು.

ಈಗಲೂ ಓಲ್ಡ್ ಟೌನಿಗೆ ಹೋದರೆ ಅವರು ಟೀ ಕೊಟ್ಟು, ಸಿಕ್ಕಿತಾ ಎಂದು ಕೇಳುತ್ತಾರೆ. ಹುಡುಕುತ್ತಿದ್ದೇನೆ ಎನ್ನುತ್ತೇನೆ. ಒಂದನ್ನೂ ಉಳಿಸದೆ ಅಳಿಸಿದವನು ನಾನೇ ಎಂದು ಇನ್ನೂ ಹೇಳಿಲ್ಲ. ಪಕ್ಕದಲ್ಲೇ ಕುಳಿತಿರುವ ಅವನಿಗೆ ಅದು ಗೊತ್ತು. ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿರುತ್ತಾನೆ.