ತಾಂಡೇಲರ ಪೆಟ್ಟಿಗೆಯಲ್ಲಿ ನನ್ನ ಕಾಲು

ಚುಕ್ಕಾಣಿಯ ಮುಂದಿನ ಎತ್ತರದ ಸ್ಟೂಲಿನ ಮೇಲೆ ಕೂತರೆ ತಾಂಡೇಲರ ಎರಡು ಪಾದಗಳೂ ನೆಲ ಮುಟ್ಟದೆ ಗಾಳಿಯಲ್ಲಿ ತೂಗುತ್ತಿದ್ದವು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ಬಲಗಾಲಿನ ಹೆಬ್ಬೆರಳಿನ ಉಗುರು ಎಂದೋ ಹಗ್ಗಕ್ಕೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆದಿರಲೇ ಇಲ್ಲ. ಊಟಕ್ಕೆಂದು ಬೋಟು ಹತ್ತಿದ ಪ್ರವಾಸಿಗರು ಅವರನ್ನು ಬೆನ್ನ ಹಿಂದಿನಿಂದ ಕಂಡು, ಯಾರೋ ಶಾಲೆಯ ಹುಡುಗ ಬೋಟು ನಡೆಸುತ್ತಿದ್ದಾನೆಂದು ಗಾಬರಿಯಾದದ್ದುಂಟು. ಅವರು ತಿರುಗಿದಾಗ ಬಿಳಿ ಗಡ್ಡ ಕಾಣುತ್ತಿತ್ತು, ಜನ ಸಮಾಧಾನದಿಂದ ತಟ್ಟೆ ಹಿಡಿದು ಕೂರುತ್ತಿದ್ದರು.

ದುಬೈ ಕ್ರೀಕಿನ, ಅಂದರೆ ಊರೊಳಗೆ ಚಾಚಿದ ಸಮುದ್ರದ ತೋಳಿನ, ದಡಕ್ಕೆ ಕಟ್ಟಿಹಾಕಿದ್ದ ಮರದ ಬೋಟು ಅದು. ಹಿಂದೆ ಸಮುದ್ರ ದಾಟಿ ಸರಕು ಸಾಗಿಸುತ್ತಿತ್ತಂತೆ. ಮುಪ್ಪಿನಲ್ಲಿ ಮೈತುಂಬ ಬಣ್ಣದ ದೀಪ ಹಾಕಿಸಿಕೊಂಡು, ಸಂಜೆಯಾದರೆ ಊಟದವರನ್ನು ಕೂರಿಸಿಕೊಂಡು ಕ್ರೀಕಿನಲ್ಲಿ ಮೇಲಕ್ಕೂ ಕೆಳಕ್ಕೂ ಹೋಗಿಬರುತ್ತಿತ್ತು. ಬೋಟು ನಡೆಸುವವರನ್ನು ಕರಾವಳಿಯಲ್ಲಿ ತಾಂಡೇಲರೆನ್ನುತ್ತಾರೆ. ನಮ್ಮ ತಾಂಡೇಲರು ಉಳ್ಳಾಲದ ಕಡೆಯ ಬ್ಯಾರಿಗಳು, ಬೋಟು ಸರಕಿನದಾಗಿದ್ದ ಕಾಲದಿಂದಲೂ ಅದರ ಜೊತೆಗಿದ್ದವರು. ನಾನು ಗದಗಿನವನು. ದಡದಲ್ಲಿ ಟಿಕೆಟ್ ಕೊಟ್ಟು, ಬಂದವರಿಗೆಲ್ಲ ನಕ್ಕು ನಕ್ಕು ಕೆನ್ನೆ ನೋಯಿಸಿಕೊಳ್ಳುವುದು ನನ್ನ ಕೆಲಸ.

ತಾಂಡೇಲರ ಬಾಯಲ್ಲಿ ಸದಾ ಇದ್ದ ಮಾತು ಒಂದೇ, 'ಬಚ್ಚಿತು'. ಬೋಟು ದಡಕ್ಕೆ ಕಟ್ಟಿದಾಗ ಬಚ್ಚಿತು, ಚಹಾ ಕುಡಿದಾಗ ಬಚ್ಚಿತು, ಶುಕ್ರವಾರದ ನಮಾಜು ಮುಗಿಸಿ ಬಂದು ಕೂತಾಗಲೂ ಬಚ್ಚಿತು. ದಣಿವಾಯಿತು ಅನ್ನುವುದಕ್ಕೆ ಅವರ ಕಡೆ ಹಾಗೆ ಹೇಳುತ್ತಾರೆಂದು ನನಗೇನು ಗೊತ್ತು? ಮೊದಲ ದಿನ ಕೇಳಿದಾಗ, "ಬಚ್ಚಲಾ ಆ ಕಡೆ ಐತ್ರಿ" ಎಂದು ಕೈ ತೋರಿಸಿದ್ದೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಹೋದರು.

ಒಮ್ಮೆ ಮಾತ್ರ ಆ ದಣಿವಿನ ಕಾರಣ ಹೇಳಿದ್ದರು. "ಮೊದಲೆಲ್ಲ ದಿವಸಗಟ್ಟಲೆ ಹೋಗ್ತಿದ್ದೆವು, ಬಚ್ತಿರಲಿಲ್ಲ. ಹೋದ್ರೆ ಒಂದು ಊರು ಬರ್ತಿತ್ತು. ಈಗ ನೋಡು, ದಿನಾ ಹೋಗುದು, ದಿನಾ ಬರುದು. ಊರು ಬರುದೇ ಇಲ್ಲ."

ನಾನು ದುಬೈಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಅಲ್ ಮುರಕ್ಕಬಾತಿನ ಒಂದು ಫ್ಲಾಟಿನಲ್ಲಿ ಬೆಡ್‌ಸ್ಪೇಸ್ ಹಿಡಿದಿದ್ದೆ, ಅಂದರೆ ಮಂಚ ನನ್ನದು, ಮಂಚದ ಸುತ್ತಲಿನ ಗಾಳಿ ಎಲ್ಲರದು. ಇರಬೇಕಾದ್ದಕ್ಕಿಂತ ಹೆಚ್ಚು ಜನ ಇದ್ದಾರೆಂದು ತಪಾಸಣೆಯವರು ಬಂದು ಹೋದ ಮೇಲೆ ಎಲ್ಲರೂ ಗಂಟು ಕಟ್ಟಬೇಕಾಯಿತು. ಬೇರೆ ಕಡೆ ವಿಚಾರಿಸಿದೆ. ಸಿಕ್ಕವು ಕೈಗೆಟುಕುವಂತಿರಲಿಲ್ಲ, ಕೈಗೆಟುಕುವವು ತುಂಬಿದ್ದವು. ಮಲಗಲು ಜಾಗವಿಲ್ಲದೆ ಕೆಲಸ ನಡೆಯುವುದಿಲ್ಲ, ಕೆಲಸ ಬಿಟ್ಟು ಹೋದರೆ ಮತ್ತೆ ವೀಸಾ ಕೊಡುವವರಿಲ್ಲ, ಗದಗಿನಲ್ಲಿ ತಂಗಿಯ ನರ್ಸಿಂಗ್ ಓದು ನನ್ನ ಮೇಲೆ ನಿಂತಿತ್ತು. ಎರಡು ದಿನ ಪಾರ್ಕಿನ ಬೆಂಚಿನ ಮೇಲೆ ಹಗಲಲ್ಲಿ ತೂಕಡಿಸಿದೆ. ಕೊನೆಗೆ ಸಂಕೋಚ ನುಂಗಿಕೊಂಡು ತಾಂಡೇಲರಿಗೆ ಫೋನು ಮಾಡಿದೆ.

"ತಾಂಡೇಲ್ರ, ಭಾಳ ತ್ರಾಸ ಕೊಡಾಕತ್ತೇನ್ರಿ, ಮಾಫ ಮಾಡ್ರಿ. ಬೋಟಿನ್ಯಾಗ ಮಲಗಾಕ ಒಂದೀಟು ಜಾಗಾ..."

ಆ ಕಡೆ ಇಂಜಿನ್ನಿನ ಸದ್ದು. ಅದರ ನಡುವೆ ಅವರ ದನಿ. "ಮಾಫಿ, ಮಾಫಿ!" ಫೋನು ಕಟ್ಟಾಯಿತು.

ನನ್ನ ಕಣ್ಣಲ್ಲಿ ನೀರೇ ಬಂತು. ಎಂಥ ದೊಡ್ಡ ಮನುಷ್ಯ! ತ್ರಾಸ ಕೊಡುವವನಿಗೆ, ಮಾತು ಮುಗಿಯುವ ಮೊದಲೇ ಎರಡೆರಡು ಸಲ ಮಾಫಿ! ಮರುದಿನ ಬೆಳಿಗ್ಗೆ ಸೂಟ್‌ಕೇಸು, ಚಾಪೆ, ಬಕೆಟ್ಟು ಸಮೇತ ಬೋಟಿನ ಹಲಗೆ ಹತ್ತಿ ನಿಂತೆ.

"ಎಂತ ಇದು?" ಅಂದರು ತಾಂಡೇಲರು ಬಕೆಟ್ಟು ನೋಡಿ.

"ನೀವ ಮಾಫಿ ಅಂದ್ರೆಲ್ರಿ."

"ಮಾಫಿ ಅಂದ್ರೆ ಇಲ್ಲ ಅಂತ ಮಾರಾಯ! ಅರಬ್ಬಿ ಮಾತು! ಜಾಗ ಇಲ್ಲ ಅಂತ ಹೇಳಿದ್ದು ನಾನು!"

ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವರು, ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ನರು, ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡರು. "ದೇವಾ! ನೀವು ಇಲ್ಲ ಅಂದದ್ದು, ಇವನಿಗೆ ಕ್ಷಮೆ ಸಿಕ್ಕಿದ್ದು! ಬಕೆಟ್ ಸಹಾ ತಂದಿದ್ದಾನೆ ನೋಡಿ."

ಯಲ್ಲಾ ಅಂದರೆ ಹೊರಡು ಎಂದು ಕಲಿತಿದ್ದೆ, ಖಲಾಸ್ ಅಂದರೆ ಮುಗಿಯಿತು ಎಂದು ಕಲಿತಿದ್ದೆ. ಮಾಫಿ ನಮ್ಮೂರಿನ ಮಾತೇ ಅಲ್ಲವೇ, ಅದನ್ನು ಬೇರೆ ಕಲಿಯಬೇಕೆಂದು ಹೊಳೆದಿರಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯದೆ ಸೂಟ್‌ಕೇಸು ಎತ್ತಿಕೊಂಡೆ.

"ಆತ್ರಿ. ಊರಿಗೇ ಹೋಗ್ತೇನ್ರಿ."

"ಊರಿಗೆ ಹೋಗಿ ಎಂತ ಹೇಳ್ತಿ?"

"ಮಲಗಾಕ ಜಾಗಾ ಸಿಗಲಿಲ್ಲಂತ ಹೇಳ್ತೇನ್ರಿ."

ತಾಂಡೇಲರು ಕ್ರೀಕಿನ ಆಚೆ ದಡದ ಕಟ್ಟಡಗಳ ಕಡೆ ನೋಡಿದರು. ಬಿಸಿಲಿಗೆ ಗಾಜುಗಳು ಕಣ್ಣು ಚುಚ್ಚುತ್ತಿದ್ದವು. "ಇಷ್ಟು ದೊಡ್ಡ ದುಬೈಯಲ್ಲಿ ಮಲಗ್ಲಿಕ್ಕೆ ಜಾಗ ಸಿಗ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಕುಡಿದು ಕೆಲಸ ಕಳಕೊಂಡ ಅಂತಾರೆ. ಬಕೆಟ್ ಕೆಳಗಿಡು."

ಬೋಟಿನವರು ಮಲಗುತ್ತಿದ್ದ ಕೋಣೆ ಮೂತಿಯ ಕಡೆ, ಡೆಕ್ಕಿನ ಕೆಳಗಿತ್ತು. ಇಬ್ಬರು ಎದುರಾದರೆ ಒಬ್ಬರು ಹಲಗೆ ಹತ್ತಿ ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ಎರಡೂ ಮಗ್ಗುಲಿಗೆ ಮಲಗುವ ಹಲಗೆಗಳು. ಎಡಕ್ಕೆ ತಾಂಡೇಲರದು. ಅವರು ಗಿಡ್ಡ ಆಳಾದ್ದರಿಂದ ಕಾಲ ಬದಿಯಲ್ಲಿ ಜಾಗ ಮಿಕ್ಕಿ, ಅಲ್ಲಿ ಅವರ ಮರದ ಪೆಟ್ಟಿಗೆ ಕೂತಿತ್ತು. ಪೆಟ್ಟಿಗೆಯ ಬೆನ್ನಿಗೆ ಒಂದು ಹಲಗೆಗೋಡೆ. ಗೋಡೆಯ ಆಚೆ ಸಾಮಾನಿನ ಗೂಡು: ಲೈಫ್ ಜಾಕೆಟ್ಟು, ಹಗ್ಗ, ಬಣ್ಣದ ಡಬ್ಬ, ಯಾರೋ ಬಿಟ್ಟುಹೋದ ಮಗುವಿನ ತಳ್ಳುಗಾಡಿ.

"ಇದನ್ನು ಖಾಲಿ ಮಾಡುವ," ಅಂದರು.

ಹಗಲೆಲ್ಲ ಕೆಲಸ ನಡೆಯಿತು. ಲೈಫ್ ಜಾಕೆಟ್ಟುಗಳು ಮೊದಲೇ ಇರಬೇಕಾಗಿದ್ದ ಜಾಗಕ್ಕೆ, ಮೇಲಿನ ಬೆಂಚುಗಳ ಅಡಿಗೆ ಹೋದವು. ಹಗ್ಗಗಳಿಗೆಂದು ತಾಂಡೇಲರು ಸೂರಿನ ಅಡಿ ಹಳೆಯ ಮೀನುಬಲೆಯೊಂದನ್ನು ಜೋಳಿಗೆಯಂತೆ ಇಳಿಬಿಟ್ಟರು. ಅದನ್ನು ಕಂಡದ್ದೇ ತಡ, ಎಲ್ಲರ ಬ್ಯಾಗು, ಶೂ, ಚಳಿಗಾಲದ ಸ್ವೆಟರು ಒಂದೊಂದಾಗಿ ಬಲೆಗೆ ಬಿದ್ದವು. ಅಡುಗೆಯವರು ಒಂದು ಮೂಟೆ ಈರುಳ್ಳಿಯನ್ನೂ ತೂರಿಸಲು ನೋಡಿ ಬೈಸಿಕೊಂಡರು. ಗೂಡಿನೊಳಗೆ ನನಗೊಂದು ಹಲಗೆ ಹೊಡೆದು, ಅದರಡಿ ಮೀನಿನ ಕ್ರೇಟುಗಳನ್ನೇ ಸೇರಿಸಿ ಸಾಮಾನಿಡಲು ಖಾನೆ ಮಾಡಿದರು. ಬಡಗಿ ಕೆಲಸ ಅವರಿಗೆ ಬರುತ್ತಿರಲಿಲ್ಲ. ಹೊಡೆದ ಮೊಳೆಗಳಲ್ಲಿ ಅರ್ಧ ಡೊಂಕಾದವು, ಅರ್ಧ ಅವರ ಬೆರಳಿಗೆ ಬಿದ್ದವು. ಅಳತೆಪಟ್ಟಿ ಇರಲಿಲ್ಲವಾದ್ದರಿಂದ ತಾವೇ ಆ ಹಲಗೆಯ ಮೇಲೆ ಮಲಗಿ ನೋಡಿದರು. ತಲೆಯೂ ಹಿಡಿಯಿತು, ಕಾಲೂ ಹಿಡಿಯಿತು.

"ಖಲಾಸ್! ಅರಮನೆ!"

ನಾನು ಮಲಗಿದೆ. ಮೊಣಕಾಲು ಗದ್ದಕ್ಕೆ ತಾಗಿತು.

ಅಡುಗೆಯವರಿಗೆ ಆ ದಿನ ಎರಡನೇ ಸಲ ಉಸಿರು ಕಟ್ಟುವಷ್ಟು ನಗು. ತಾಂಡೇಲರು ನಗಲಿಲ್ಲ. ನನ್ನ ಪಾದಗಳನ್ನು ಬಹಳ ಹೊತ್ತು, ತುಸು ಅಸಹ್ಯದಿಂದಲೇ ನೋಡಿದರು. "ಇಷ್ಟು ಉದ್ದ ಎಂತಕ್ಕೆ ಬೆಳೆದದ್ದು ಮಾರಾಯ ನೀನು?" ಆಮೇಲೆ, "ಬಚ್ಚಿತು" ಎಂದು ಮೇಲೆ ಹೋಗಿಬಿಟ್ಟರು. ಇನ್ನು ಇದೂ ಮುಗಿಯಿತು ಅಂದುಕೊಂಡೆ. ಮುದುರಿಕೊಂಡು ಒಂದು ವಾರ ಮಲಗಬಹುದು, ಅದಕ್ಕಿಂತ ಹೆಚ್ಚಾಗದು. ಸೂಟ್‌ಕೇಸನ್ನು ಬಿಚ್ಚಲೇ ಇಲ್ಲ.

ಮರುದಿನ ಗರಗಸದ ಸದ್ದಿಗೆ ಕೆಳಗಿಳಿದು ನೋಡಿದರೆ, ತಾಂಡೇಲರು ಹಲಗೆಗೋಡೆಯಲ್ಲಿ ಕಿಂಡಿ ಕೊರೆದಿದ್ದರು. ಗೋಡೆಯಲ್ಲಿ ಮಾತ್ರವಲ್ಲ, ಗೋಡೆಗೆ ಬೆನ್ನು ಕೊಟ್ಟಿದ್ದ ತಮ್ಮ ಪೆಟ್ಟಿಗೆಯಲ್ಲೂ. "ಈಗ ಮಲಗು," ಅಂದರು. ಮಲಗಿ ಕಾಲು ಚಾಚಿದೆ. ಪಾದಗಳೆರಡೂ ಕಿಂಡಿ ದಾಟಿ ಅವರ ಪೆಟ್ಟಿಗೆಯೊಳಗೆ ಹೋದವು. ಅತ್ತರಿನ, ಸೋಪಿನ ವಾಸನೆ ಬಂತು. ಪೆಟ್ಟಿಗೆ ಖಾಲಿಯಾಗಿತ್ತು.

ನಾನು ತಟ್ಟನೆ ಕಾಲು ಎಳೆದುಕೊಂಡೆ. "ಬ್ಯಾಡ್ರಿ. ಹಿರಿಯರ ಕಡೆ ಕಾಲು ಮಾಡಿ ಮಲಗಬಾರ್ದು."

"ನಿನ್ನ ಕಾಲು ನನ್ನ ಕಾಲಿನ ಕಡೆ ಉಂಟು, ತಲೆ ಕಡೆ ಅಲ್ಲವಲ್ಲ. ಚಾಚು."

"ಅಲ್ರಿ, ನಿಮ್ಮ ಸಾಮಾನು?"

ಗಲ್ಫಿನಲ್ಲಿದ್ದವರಿಗೆ ಪೆಟ್ಟಿಗೆ ಅಂದರೆ ಏನೆಂದು ಹೇಳಬೇಕಾಗಿಲ್ಲ. ಊರಿಗೆ ಹೋಗಿಬಂದ ಮರುದಿನದಿಂದಲೇ ಮುಂದಿನ ಸಲಕ್ಕೆ ಅದು ತುಂಬತೊಡಗುತ್ತದೆ: ಕಂಬಳಿ, ಅತ್ತರಿನ ಬಾಟಲಿ, ಟಾರ್ಚು, ಹಾಲಿನ ಪುಡಿಯ ಡಬ್ಬ. ಮನುಷ್ಯ ಇಲ್ಲಿ ದುಡಿಯುತ್ತಿರುತ್ತಾನೆ, ಅವನ ಮನೆ ಆ ಪೆಟ್ಟಿಗೆಯಲ್ಲಿರುತ್ತದೆ. ಅದರ ಬೀಗ ಮುಟ್ಟಿದರೆ ಅಣ್ಣತಮ್ಮಂದಿರೂ ಜಗಳವಾಡುತ್ತಾರೆ.

ತಾಂಡೇಲರು ಗರಗಸದ ಪುಡಿ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದರು. "ಹಂಚಿಬಿಟ್ಟೆ. ಹೋದ ಸಲ ಕೊಂಡುಹೋದದ್ದೇ ಮನೆಯಲ್ಲಿ ಕಟ್ಟು ಬಿಚ್ಚದೆ ಉಂಟು. ಮಗಳು ಹೇಳಿದಳು, ಬಾಪ, ನೀವು ಇನ್ನು ಎಂತ ತರುದು ಬೇಡ, ಈಗ ಎಲ್ಲ ಮೊಬೈಲಲ್ಲಿ ಒತ್ತಿದ್ರೆ ಬಾಗಿಲಿಗೆ ಬರ್ತದೆ ಅಂತ. ಪಾಪ, ನನಗೆ ಭಾರ ಆಗಬಾರದು ಅಂತ ಹೇಳಿದ್ದು. ಮತ್ತೆ ಎಂತಕ್ಕೆ ಪೆಟ್ಟಿಗೆ? ನಿನ್ನ ಕಾಲಾದರೂ ಇರಲಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೇಳಿದ್ದು ಬರೀ ದಣಿವಿನಿಂದ. ನಾನು ಕಾಲು ಚಾಚಿದೆ. ಆ ಸಂಜೆ ಸೂಟ್‌ಕೇಸು ಬಿಚ್ಚಿದೆ.

ಅಲ್ಲಿಂದ ತಂಗಿ ಓದು ಮುಗಿಸಿ ಕೆಲಸಕ್ಕೆ ಸೇರುವವರೆಗೂ ನಾನು ಆ ಗೂಡಿನಲ್ಲೇ ಮಲಗಿದೆ. ಊಟದವರು ಇಳಿದು ಬೋಟು ತೊಳೆದು ಮುಗಿಸುವಷ್ಟರಲ್ಲಿ ಬೆಳಗಾಗುತ್ತಿತ್ತು, ನಮ್ಮ ನಿದ್ದೆ ಹಗಲಿನದು. ಎಬ್ಬಿಸಬೇಕಾದರೆ ತಾಂಡೇಲರು ಪೆಟ್ಟಿಗೆಯ ಮುಚ್ಚಳ ತೆರೆದು ನನ್ನ ಅಂಗಾಲಿಗೆ ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಂತೆ ತಟ್ಟುತ್ತಿದ್ದರು. "ಯಲ್ಲಾ, ಊಟದವರು ಬಂದ್ರು." ಬೇಸಿಗೆಯಲ್ಲಿ ಮುಚ್ಚಳ ತೆರೆದೇ ಇಟ್ಟು ತಮ್ಮ ಸಣ್ಣ ಫ್ಯಾನನ್ನು ಆ ಕಡೆ ತಿರುಗಿಸುತ್ತಿದ್ದರು. ಜನವರಿಯ ಒಂದು ಬೆಳಿಗ್ಗೆ ಕಾಲು ಬೆಚ್ಚಗಾದದ್ದಕ್ಕೆ ಎಚ್ಚರವಾಯಿತು. ಗೋಡೆಯ ಆಚೆ ಯಾರೋ ನನ್ನ ಪಾದಗಳಿಗೆ ಕಂಬಳಿ ಸುತ್ತುತ್ತಿದ್ದರು, ಮೆಲ್ಲಗೆ, ಎಚ್ಚರವಾಗಬಾರದೆಂದು. ನಾನೂ ಎಚ್ಚರವಾದದ್ದನ್ನು ತೋರಿಸಲಿಲ್ಲ. ಅಷ್ಟು ಅಕ್ಕರೆಯಿಂದ ನನ್ನ ಕಾಲಿಗೆ ಹೊದಿಸಿದವರು ಅವ್ವನ ನಂತರ ಅವರೊಬ್ಬರೇ.

ಆ ಹೊತ್ತಿಗೆ ತಾಂಡೇಲರ ಕಣ್ಣು ಮಂಜಾಯಿತು. ಬೋಟು ನಡೆಸಲು ಅನುಮತಿ ಸಿಗಲಿಲ್ಲ. ಊರಿಗೆ ಹೊರಡುವ ದಿನ ಅವರ ಕೈಯಲ್ಲಿ ಒಂದು ಚೀಲ ಮಾತ್ರ. ತೂತು ಬಿದ್ದ ಪೆಟ್ಟಿಗೆಯನ್ನು ಯಾರು ಒಯ್ಯುತ್ತಾರೆ? ದಡದಲ್ಲಿ ನಿಂತು ಬೋಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಬಚ್ಚಿತು ಮಾರಾಯ, ಇನ್ನು ಊರು ಬರ್ತದೆ" ಅಂದರು.

ಆಮೇಲೆ ನಾನೂ ಕೆಲಸ ಬದಲಿಸಿ ಅಬುಧಾಬಿಗೆ ಬಂದೆ. ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ ನನ್ನದೇ ಒಂದು ಕೋಣೆ, ಪೂರ್ತಿ ಉದ್ದದ ಮಂಚ. ಅಲ್ಲಿಗೇ ಒಂದು ಮಧ್ಯಾಹ್ನ ಅವರ ಮಗಳ ಫೋನು ಬಂತು. ತಾಂಡೇಲರು ಹಿಂದಿನ ವಾರ ನಿದ್ದೆಯಲ್ಲೇ ತೀರಿಕೊಂಡಿದ್ದರು. ಅವರ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಆಕೆ ಒಂದೊಂದಾಗಿ ಕರೆ ಮಾಡುತ್ತಿದ್ದಳು.

"ನೀವು ಆ ಉದ್ದದವರಾ?" ಎಂದು ಕೇಳಿದಳು. "ನಾವು ಬಾಪನಿಗೆ ದೊಡ್ಡ ಮಂಚ ಮಾಡಿಸಿದ್ದೆವು. ಆದ್ರೂ ತಲೆ ಕಡೆಯ ಒಂದು ಮೂಲೆಯಲ್ಲಿ ಮುದುರಿ ಮಲಗ್ತಿದ್ರು. ಕಾಲು ಚಾಚಿ ಬಾಪ ಅಂದ್ರೆ, ಬೇಡ, ಅಲ್ಲಿ ಆ ಹುಡುಗನ ಕಾಲುಂಟು ಅಂತಿದ್ರು. ಕೊನೆಯ ದಿವಸವೂ ಹಾಗೇ ಇದ್ರು."

ಆಮೇಲೆ, ತೀರಿಕೊಂಡವರ ಪರವಾಗಿ ಮನೆಯವರು ಎಲ್ಲರನ್ನೂ ಕೇಳಿಕೊಳ್ಳುವ ಮಾತನ್ನು ನನ್ನನ್ನೂ ಕೇಳಿದಳು. "ಬಾಪನಿಂದ ನಿಮಗೆ ಏನಾದ್ರೂ ತಪ್ಪಾಗಿದ್ರೆ ಮನಸ್ಸಿನಲ್ಲಿ ಇಟ್ಕೊಳ್ಬೇಡಿ. ಮಾಫ್ ಮಾಡಿ."

ಅವರ ಪೆಟ್ಟಿಗೆಯಲ್ಲಿ ಕಾಲಿಟ್ಟು ಮಲಗಿದವನು ನಾನು.

"ಮಾಫಿ," ಅಂದೆ. "ಮಾಫಿ, ಮಾಫಿ."

ಆಕೆ ಸಮಾಧಾನದಿಂದ ಫೋನು ಇಟ್ಟಳು. ನಮ್ಮೂರಿನ ಮಾಫಿ ಅಂದುಕೊಂಡಿರಬೇಕು. ನಾನು ಹೇಳಿದ್ದು ತಾಂಡೇಲರು ಕಲಿಸಿದ್ದನ್ನು: ಇಲ್ಲ, ಏನೂ ಇಲ್ಲ.